ಹಲ್ಲಿನ ಲೆಕ್ಕ

ಹೋದ ವಾರ ಚಿಂತಾಮಣಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಹತ್ತನೆಯ ತರಗತಿಯ ಗಣಿತದಲ್ಲಿ ಮೂವತ್ತೈದರ ಗಡಿ ದಾಟಲು ನನ್ನನ್ನೂ ತನ್ನನ್ನೂ ಒಂದು ವರ್ಷ ದಣಿಸಿದ ಹುಡುಗ. ಈಗ ಟೊಮ್ಯಾಟೊ ಮಂಡಿಯಲ್ಲಿ ಲಕ್ಷಗಳ ಲೆಕ್ಕವನ್ನು ಬಾಯಲ್ಲೇ ಮಾಡುತ್ತಾನೆ. "ಸಾರ್, ಅಮ್ಮನಿಗೆ ಹಲ್ಲು ಇಂಪ್ಲಾಂಟ್ ಮಾಡಿಸ್ಬೇಕು. ಒಬ್ರು ಇಪ್ಪತ್ತೈದು ಸಾವಿರ ಅಂತಾರೆ, ಇನ್ನೊಬ್ರು ಅರವತ್ತು ಅಂತಾರೆ. ಒಂದೇ ಹಲ್ಲು ಸಾರ್! ನಮ್ ಟೊಮ್ಯಾಟೊಗೂ ಒಂದೇ ದಿನ ಹಿಂಗೆ ಎರಡು ರೇಟು ಇರಲ್ಲ" ಎಂದ. ಅಕ್ಕನಿಗಾಗಿ ಎರಡು ವರ್ಷ ನಾನು ಹಲ್ಲಿನ ಆಸ್ಪತ್ರೆಗಳಿಗೆ ಅಲೆದದ್ದು ಅವನಿಗೆ ಗೊತ್ತು. ಮುಕ್ಕಾಲು ಗಂಟೆ ಮಾತನಾಡಿದ ಮೇಲೆ, "ಇದನ್ನೆಲ್ಲ ಬರೆದುಬಿಡಿ ಸಾರ್, ನಾಲ್ಕು ಜನಕ್ಕೆ ಆಗತ್ತೆ" ಎಂದ. ಆದ್ದರಿಂದ ಬರೆಯುತ್ತಿದ್ದೇನೆ. ನಾನು ದಂತವೈದ್ಯನಲ್ಲ, ಗಣಿತ ಮತ್ತು ವಿಜ್ಞಾನದ ಮೇಷ್ಟರು. ಓದುವವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ನಮ್ಮ ಬಾಲ್ಯದ ಪೆರೇಸಂದ್ರದಲ್ಲಿ ಹಲ್ಲಿಗೆ ಖರ್ಚು ಎಂಬುದೇ ಇರಲಿಲ್ಲ. ಬೇವಿನ ಕಡ್ಡಿ, ಇಲ್ಲವೇ ಹೊಂಗೆ ಕಡ್ಡಿ. ಅದೂ ಸಿಗದ ದಿನ ಒಲೆಯ ಇದ್ದಿಲು, ಒಂದು ಚಿಟಿಕೆ ಉಪ್ಪು. ಹಲ್ಲು ನೋಯ್ದರೆ ಲವಂಗ, ಅಲುಗಾಡಿದರೆ ದಾರ. ಬಿದ್ದರೆ ಬಿತ್ತು. ನಮ್ಮ ಅಜ್ಜಿಗೆ ಐವತ್ತಕ್ಕೇ ಬಾಯಿ ಬೋಳಾಗಿತ್ತು. ಆದರೂ ಎಲೆ ಅಡಿಕೆ ಬಿಟ್ಟವಳಲ್ಲ. ಹಿತ್ತಾಳೆಯ ಪುಟ್ಟ ಕುಟ್ಟಾಣಿಯಲ್ಲಿ ಟಣ ಟಣ ಎಂದು ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಊಟಕ್ಕೂ ತೊಂದರೆಯಿರಲಿಲ್ಲ. ರಾಗಿಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತಾರೆ. ಗೋಧಿ ರೊಟ್ಟಿಯ ಸೀಮೆಯಲ್ಲಿ ಹಲ್ಲಿಲ್ಲದವರು ಪಡುವ ಪಾಡನ್ನು ನಮ್ಮ ಸೀಮೆಯ ಮುದುಕರು ಪಡಲಿಲ್ಲ. ಹಲ್ಲಿನ ಕೊರತೆ ನಮ್ಮಲ್ಲಿ ಬಹುಕಾಲ ಕೊರತೆಯೆಂದೇ ಕಾಣದಿದ್ದುದಕ್ಕೆ ಮುದ್ದೆಯೂ ಒಂದು ಕಾರಣವಿರಬೇಕೆಂದು ನನ್ನ ಊಹೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ನನ್ನ ತರಗತಿಗಳಲ್ಲಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ ಮಕ್ಕಳಿದ್ದರು. ನಿಮ್ಮಲ್ಲಿ ಕೆಲವರು ಈಗಲೂ ಹಿಡಿಯುತ್ತೀರಿ. ಬಾವಿಗಳು ಬತ್ತಿ, ಕೊಳವೆಬಾವಿಗಳು ಆಳಕ್ಕೆ ಇಳಿದಂತೆಲ್ಲ ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ನೀರಿಗೆ ಬಂಡೆಯ ಫ್ಲೋರೈಡ್ ಹೆಚ್ಚು ಹೆಚ್ಚಾಗಿ ಸೇರಿತು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು ಒಂದು ಮಿಲಿಗ್ರಾಂ ಇರಬಹುದು, ಬೇರೆ ದಾರಿಯಿಲ್ಲದಿದ್ದರೆ ಒಂದೂವರೆಯವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ, ದವಡೆಯೊಳಗೆ ಹಲ್ಲು ರೂಪುಗೊಳ್ಳುತ್ತಿರುವಾಗ ಕುಡಿದ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆಗಳು ಮೂಡಿದವು. ಅದು ಆ ಮಕ್ಕಳು ಹಲ್ಲುಜ್ಜದ ಗುರುತಲ್ಲ. ಕಲೆಯಿದೆ ಎಂಬ ಒಂದೇ ಕಾರಣಕ್ಕೆ ಹಲ್ಲು ಕೀಳಿಸುವ ಅಗತ್ಯವೂ ಇಲ್ಲ. ಹಲ್ಲು ಕಳೆದುಕೊಳ್ಳುವುದಕ್ಕೆ ಮುಖ್ಯ ಕಾರಣಗಳೆಂದರೆ ಹುಳುಕು, ವಸಡಿನ ರೋಗ, ಹೊಗೆಸೊಪ್ಪು ಮತ್ತು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ.

ಈಗ ಲೆಕ್ಕಕ್ಕೆ ಬರೋಣ. ನನ್ನ ಕೆಳದವಡೆಯ ಬಲಗಡೆಯ ಕೊನೆಯ ದವಡೆ ಹಲ್ಲು ಹೋದಾಗ ಮೊದಲು ನನಗಾಗಿಯೇ ವಿಚಾರಿಸಿದೆ. ಒಂದು ಕಡೆ, "ಇಂಪ್ಲಾಂಟಿಗೆ 22,000" ಎಂದರು. ಯಲಹಂಕದ ಕಡೆಯ ಇನ್ನೊಂದು ಕ್ಲಿನಿಕ್ಕಿನಲ್ಲಿ 48,000. ಮೇಲ್ನೋಟಕ್ಕೆ ಎರಡನೆಯವರು ಎರಡರಷ್ಟಕ್ಕೂ ಮಿಗಿಲಾಗಿ ಕೇಳುತ್ತಿದ್ದಾರೆ. ನಿಮ್ಮ ಉತ್ತರ ಪತ್ರಿಕೆಗಳಲ್ಲಿ ಕೊನೆಯ ಉತ್ತರ ಮಾತ್ರ ಬರೆದು ಹಂತಗಳನ್ನು ಬಿಟ್ಟಿದ್ದರೆ ನಾನು ಅಂಕ ಕೊಡುತ್ತಿರಲಿಲ್ಲವೆಂಬುದು ನಿಮಗೆ ನೆನಪಿರಬಹುದು. ಮೊದಲನೆಯವರ ಬಳಿ ಹೋಗಿ ಅದನ್ನೇ ಕೇಳಿದೆ: "ಇದರ ಹಂತಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಿ." ಅಲ್ಲಿದ್ದ ಹುಡುಗಿ ಬರೆದಳು. 22,000 ಎಂಬುದು ಮೂಳೆಯೊಳಗೆ ಕೂರಿಸುವ ಸ್ಕ್ರೂ ಒಂದಕ್ಕೆ, ಕೂರಿಸುವ ಕೆಲಸವೂ ಸೇರಿ. ಅದರ ಮೇಲೆ ನಿಲ್ಲಿಸುವ ಅಬಟ್ಮೆಂಟ್ ಎಂಬ ಕುತ್ತಿಗೆಯ ಭಾಗಕ್ಕೆ 5,000. ಕಣ್ಣಿಗೆ ಕಾಣುವ ಹಲ್ಲು, ಅಂದರೆ ಕ್ಯಾಪು, ಜಿರ್ಕೋನಿಯಾದ್ದಾದರೆ 12,000. ಹೊರಗೆ ತೆಗೆಸಬೇಕಾದ ಸ್ಕ್ಯಾನಿಗೆ 2,500. ಕೂಡಿಸಿ ನೋಡಿ, 41,500. ಎರಡನೆಯವರ 48,000ದಲ್ಲಿ ಇವೆಲ್ಲವೂ ಸೇರಿದ್ದವು. 26,000 ಎಂದು ಕಂಡ ಅಂತರ 6,500ಕ್ಕೆ ಇಳಿಯಿತು. ಚಿಂತಾಮಣಿಯ ಹುಡುಗನ ಇಪ್ಪತ್ತೈದು, ಅರವತ್ತರ ನಡುವೆಯೂ ಇಂಥದ್ದೇ ಏನೋ ಅಡಗಿರುತ್ತದೆ ಎಂದು ಅವನಿಗೆ ಹೇಳಿದೆ. ಎಲ್ಲ ವ್ಯತ್ಯಾಸವೂ ಹೀಗೆ ಕರಗಿಹೋಗುತ್ತದೆಂದಲ್ಲ. ಆದರೆ ಯಾವುದನ್ನು ಯಾವುದರೊಡನೆ ಹೋಲಿಸುತ್ತಿದ್ದೇವೆಂಬುದಾದರೂ ತಿಳಿಯುತ್ತದೆ.

ಹೀಗೆ ಕೇಳುವುದಕ್ಕೆ ನಮ್ಮವರು ಹಿಂಜರಿಯುತ್ತಾರೆ. ಗೌರಿಬಿದನೂರಿನ ಪಕ್ಕದ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳುವುದನ್ನು ಕಲಿಸುವುದಕ್ಕಾಗಿಯೇ ಬದುಕು ಸವೆಸಿದರು. ಆದರೆ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವನಿಗೆ ಪ್ರಶ್ನೆ ಕೇಳಲು ಬೇರೊಂದು ಬಾಯಿ ಎಲ್ಲಿಂದ ಬರಬೇಕು? ಆದ್ದರಿಂದ ಕುರ್ಚಿ ಏರುವ ಮೊದಲೇ ಕೇಳಿಬಿಡಬೇಕು.

ಆ ಸ್ಕ್ರೂವಿನ ಕಥೆ ವಿಜ್ಞಾನದ ಮೇಷ್ಟರಾದ ನನಗೆ ಬಹಳ ಪ್ರಿಯವಾದದ್ದು. 1952ರಲ್ಲಿ ಸ್ವೀಡನ್ನಿನ ಲುಂಡ್ ಎಂಬಲ್ಲಿ ಪೆರ್ ಇಂಗ್ವಾರ್ ಬ್ರಾನೆಮಾರ್ಕ್ ಎಂಬ ಸಂಶೋಧಕರು ಮೂಳೆಯೊಳಗಿನ ರಕ್ತ ಸಂಚಾರವನ್ನು ನೋಡಲು ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂನ ಪುಟ್ಟ ಕೊಳವೆಯೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ತೆಗೆಯಹೋದರೆ ಬರಲೊಲ್ಲದು. ಮೂಳೆಯೂ ಲೋಹವೂ ಬೆಸೆದುಕೊಂಡಿದ್ದವು. ಅವರು ಹುಡುಕುತ್ತಿದ್ದದ್ದು ಹಲ್ಲನ್ನಲ್ಲ. ಆದರೂ ಸಿಕ್ಕಿದ್ದನ್ನು ಬಿಡದೆ ಹಿಡಿದು, 1965ರಲ್ಲಿ ಗೋಥೆನ್‌ಬರ್ಗಿನಲ್ಲಿ ಯೋಸ್ತಾ ಲಾರ್ಸನ್ ಎಂಬುವರ ಕೆಳದವಡೆಗೆ ಇಂಥ ಸ್ಕ್ರೂಗಳನ್ನು ಹಾಕಿದರು. ಲಾರ್ಸನ್ 2006ರಲ್ಲಿ ತೀರಿಕೊಂಡರು. ಸ್ಕ್ರೂಗಳು ಅಲ್ಲಿಯವರೆಗೂ ಕೆಲಸ ಮಾಡುತ್ತಲೇ ಇದ್ದವು. ನಾಲ್ವತ್ತು ವರ್ಷ! ನಮ್ಮ ಮಣಿಪಾಲದಲ್ಲಿ ದಂತವೈದ್ಯ ಕಾಲೇಜು ಆರಂಭವಾದದ್ದೂ ಅದೇ 1965ರಲ್ಲಿ ಎಂಬುದು ಕಾಕತಾಳೀಯವಾದರೂ ನೆನಪಿಡಲು ಅನುಕೂಲ. ಲೋಕದ ದಂತವೈದ್ಯರು ಬ್ರಾನೆಮಾರ್ಕರ ಮಾತನ್ನು ನಂಬಿದ್ದು ಮಾತ್ರ 1982ರ ಟೊರಾಂಟೊ ಸಮ್ಮೇಳನದ ನಂತರ.

ಟೈಟಾನಿಯಂ ಎಂದ ಕೂಡಲೇ ಚಿನ್ನದಂತೆ ದುಬಾರಿ ಲೋಹವೆಂದು ಭಾವಿಸಬೇಡಿ. ಅದರ ಅದಿರು ಕೇರಳದ ಕಡಲ ತೀರದ ಕಪ್ಪು ಮರಳಿನಲ್ಲೇ ಇದೆ, ಮತ್ತು ಒಂದು ಸ್ಕ್ರೂವಿನ ತೂಕ ಒಂದು ಗ್ರಾಂ ಕೂಡ ಇರುವುದಿಲ್ಲ. ನಾವು ಹಣ ಕೊಡುವುದು ಲೋಹಕ್ಕಲ್ಲ. ಅದರ ಮೈಯನ್ನು ಮೂಳೆ ಹಿಡಿದುಕೊಳ್ಳುವಂತೆ ಒರಟಾಗಿಸುವ ತಂತ್ರಕ್ಕೆ, ಅಳತೆಯ ನಿಖರತೆಗೆ, ಕಂಪನಿ ವರ್ಷಾನುಗಟ್ಟಲೆ ಮಾಡಿದ ಪರೀಕ್ಷೆಗಳಿಗೆ. ಜೊತೆಗೆ ಅದರ ಹೆಸರಿಗೆ ಮತ್ತು ಜಾಹೀರಾತಿಗೆ. ಸ್ವಿಟ್ಜರ್ಲೆಂಡಿನದು, ಸ್ವೀಡನ್ನಿನದು ಹೆಚ್ಚು ಬೆಲೆಯವು, ಕೊರಿಯಾದವು ನಡುವಿನವು, ನಮ್ಮ ದೇಶದಲ್ಲಿ ತಯಾರಾಗುವವೂ ಇವೆ. ಯಾವುದನ್ನೇ ಹಾಕಿಸಿ, ಪೊಟ್ಟಣದ ಮೇಲಿನ ಚೀಟಿಯನ್ನು ಕೇಳಿ ಪಡೆದು ಭದ್ರವಾಗಿ ಇಟ್ಟುಕೊಳ್ಳಬೇಕು. ಹತ್ತು ವರ್ಷದ ನಂತರ ಮೇಲಿನ ಭಾಗ ಸಡಿಲವಾದರೆ, ಬೇರೆ ಊರಿನ ಬೇರೆ ವೈದ್ಯರಿಗೆ ಸರಿಹೊಂದುವ ಬಿಡಿಭಾಗ ತರಿಸಲು ಅದೇ ಆಧಾರ. ಊರಿಗೊಂದು ಅಳತೆಯ ನಟ್ಟು ಬೋಲ್ಟು ಇದ್ದಂತೆ ಇದು. ಒಂದರ ಸ್ಪ್ಯಾನರ್ ಇನ್ನೊಂದಕ್ಕೆ ಕೂರುವುದಿಲ್ಲ.

ಸ್ಕ್ರೂವಿನ ಬೆಲೆಗಿಂತ ಹೆಚ್ಚಾಗಿ ಖರ್ಚನ್ನು ಮೇಲೆ ಕೆಳಗೆ ಮಾಡುವುದು ಮೂಳೆ. ಹಲ್ಲು ಹೋದ ಜಾಗದ ಮೂಳೆ ಕೆಲಸವಿಲ್ಲದೆ ಸವೆಯುತ್ತ ಹೋಗುತ್ತದೆ. ಸ್ಕ್ರೂ ಹಿಡಿಯುವಷ್ಟು ಮೂಳೆ ಉಳಿದಿಲ್ಲದಿದ್ದರೆ ಮೂಳೆಪುಡಿ ತುಂಬಬೇಕು. ಮೇಲ್ದವಡೆಯ ಹಿಂಭಾಗವಾದರೆ ಅಲ್ಲಿರುವ ಗಾಳಿಯ ಗೂಡಿನ ತಳವನ್ನು ಮೇಲಕ್ಕೆತ್ತಬೇಕು. ಇವೆರಡೂ ಬೇರೆ ಬಿಲ್ಲು, ಬೇರೆ ತಿಂಗಳುಗಳು. ಸ್ಕ್ಯಾನ್ ನೋಡದೆ ಫೋನಿನಲ್ಲೇ ಹೇಳಿದ ಬೆಲೆಯನ್ನು ನಂಬಬಾರದೆನ್ನುವುದು ಇದಕ್ಕೇ.

ವಿಮೆಯವರು ಕೊಡುತ್ತಾರೆಯೇ ಎಂದು ಹಲವರು ಕೇಳುತ್ತಾರೆ. ನಮ್ಮ ಆರೋಗ್ಯ ವಿಮೆಗಳಲ್ಲಿ ಸಾಮಾನ್ಯವಾಗಿ ಅಪಘಾತದಲ್ಲಿ ಹಲ್ಲು ಹೋಗಿ ಆಸ್ಪತ್ರೆ ಸೇರಿದರೆ ಮಾತ್ರ ಉಂಟು, ವಯಸ್ಸಿಗೆ ಹೋದ ಹಲ್ಲಿಗೆ ಇಲ್ಲ. ಸರ್ಕಾರ 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟಿಗೆ, ಆಗಸ್ಟಿನಲ್ಲಿ ಮಂಡಿಯ ಚಿಪ್ಪಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು. ಹಲ್ಲಿನ ಸ್ಕ್ರೂವಿಗೆ ಅಂಥ ಕಟ್ಟುಪಾಡು ಬರಲಿಲ್ಲ. ಹೃದಯಕ್ಕೂ ಮಂಡಿಗೂ ಸಿಕ್ಕ ಗೌರವ ಹಲ್ಲಿಗೆ ಸಿಕ್ಕಿಲ್ಲವೆನ್ನಿ. ಇನ್ನು "ಜೀವಮಾನದ ಗ್ಯಾರಂಟಿ" ಎಂಬ ಮಾತು. ಅದು ಬಹುತೇಕ ಸ್ಕ್ರೂವಿಗೆ ಮಾತ್ರ ಅನ್ವಯಿಸುತ್ತದೆ. ಕೆಟ್ಟರೆ ಕಂಪನಿ ಇನ್ನೊಂದು ಸ್ಕ್ರೂ ಕೊಟ್ಟೀತು. ಮತ್ತೆ ಕೂರಿಸುವ ಕೂಲಿ, ಹೊಸ ಕ್ಯಾಪು ಯಾರ ಲೆಕ್ಕಕ್ಕೆ ಎಂದು ಮೊದಲೇ ಬರೆಸಿಕೊಳ್ಳಬೇಕು. ಹತ್ತು ವರ್ಷದ ಮೇಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸ್ಕ್ರೂಗಳು ನಿಲ್ಲುತ್ತವೆಂದು ದೀರ್ಘಕಾಲದ ಅಧ್ಯಯನಗಳು ಹೇಳುತ್ತವೆ. ಆದರೆ ಲೋಹಕ್ಕೆ ಹುಳುಕು ಹತ್ತದಿದ್ದರೂ ಸುತ್ತಲಿನ ವಸಡಿಗೆ ರೋಗ ಹತ್ತುತ್ತದೆ. ಬೀಡಿ ಸಿಗರೇಟು ಸೇದುವವರಿಗೆ, ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಅದು ಬೇಗ.

ನನ್ನ ಹಲ್ಲಿನ ವಿಷಯ ಹೀಗೆ ಮುಗಿಯಿತು. ಮೂರನೆಯವರಾಗಿ ನಾನು ನೋಡಿದ್ದು ಎಪ್ಪತ್ತು ದಾಟಿದ ಒಬ್ಬ ಹಿರಿಯ ದಂತವೈದ್ಯರನ್ನು. ಅವರು ಕನ್ನಡಿ ಹಿಡಿದು ನೋಡಿ, "ಮೇಷ್ಟ್ರೇ, ಊಟ ಮಾಡೋಕೆ ಏನಾದ್ರೂ ತೊಂದ್ರೆ ಇದೆಯಾ?" ಎಂದರು. ಇಲ್ಲವೆಂದೆ. "ಮತ್ತೆ ಯಾಕೆ ಹಾಕಿಸ್ತೀರಿ?" ನನ್ನಲ್ಲಿ ಉತ್ತರವಿರಲಿಲ್ಲ. ನೆದರ್ಲೆಂಡಿನ ಕೈಸರ್ ಎಂಬ ದಂತವೈದ್ಯರು 1981ರಷ್ಟು ಹಿಂದೆಯೇ ಇದನ್ನು ಬರೆದಿದ್ದಾರಂತೆ. ಮುಂದಿನ ಹಲ್ಲುಗಳೂ ಅವುಗಳ ಹಿಂದಿನ ಕೆಲವು ಜೋಡಿಗಳೂ ಗಟ್ಟಿಯಾಗಿದ್ದರೆ ತೀರ ಹಿಂದಿನ ಒಂದೆರಡು ಹೋದರೂ ಅನೇಕರಿಗೆ ಊಟ, ಮಾತು ಯಾವುದಕ್ಕೂ ಅಡ್ಡಿಯಿಲ್ಲ. ಎದುರಿನ ಮೇಲಿನ ಹಲ್ಲು ಕೆಳಗಿಳಿಯುತ್ತಿದೆಯೇ ಎಂದು ವರ್ಷಕ್ಕೊಮ್ಮೆ ತೋರಿಸಿಕೊಂಡರೆ ಸಾಕು ಎಂದರು. ಅವರು ತೆಗೆದುಕೊಂಡದ್ದು 200 ರೂಪಾಯಿ. ಆ ಸಂದು ಈಗಲೂ ಹಾಗೇ ಇದೆ.

ಅಕ್ಕನ ಬಾಯಿಯ ಕಥೆ ಬೇರೆ. ಅವಳಿಗೆ ಎರಡು ದವಡೆಯಲ್ಲೂ ಒಂದು ಹಲ್ಲೂ ಉಳಿದಿರಲಿಲ್ಲ. 2014ರಲ್ಲಿ ರಾಜ್ಯ ಸರ್ಕಾರ "ದಂತ ಭಾಗ್ಯ" ಎಂಬ ಯೋಜನೆಯನ್ನು ತಂದಿತು. ಬಡತನ ರೇಖೆಗಿಂತ ಕೆಳಗಿನ, ಅರವತ್ತು ದಾಟಿದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು. ಭಾವ ಹೋದ ಮೇಲೆ ಎರಡು ಎಕರೆ ಹೊಲದಲ್ಲಿ ಬದುಕುತ್ತಿದ್ದ ಅಕ್ಕನಿಗೆ ಅದು ನಿಜವಾಗಿಯೂ ಭಾಗ್ಯವೇ ಆಯಿತು. ಮೇಲಿನ ಸೆಟ್ಟು ಅಂಗುಳಿಗೆ ಗಾಳಿಯ ಹಿಡಿತದಿಂದ ಅಂಟಿಕೊಂಡು ಚೆನ್ನಾಗಿ ನಿಂತಿತು. ಕೆಳಗಿನದು ಎರಡು ಮೂರು ವರ್ಷ ಕೂತು, ಆಮೇಲೆ ತೇಲತೊಡಗಿತು. ಅದು ಮಾಡಿದವರ ತಪ್ಪಲ್ಲ. ಕೆಳದವಡೆಯ ಮೂಳೆ ಮೇಲಿನದಕ್ಕಿಂತ ಬೇಗ ಸವೆಯುತ್ತದೆ, ಅಂಗುಳಿನಂಥ ಆಸರೆ ಅಲ್ಲಿಲ್ಲ, ಮೇಲಾಗಿ ನಾಲಿಗೆ ಕ್ಷಣಕ್ಷಣಕ್ಕೂ ನೂಕುತ್ತದೆ. ಒಂದು ಮದುವೆಯಲ್ಲಿ ಅಕ್ಕ ನಕ್ಕಾಗ ಕೆಳಗಿನ ಸೆಟ್ಟು ಹೊರಗೆ ಜಾರಿತು. ಸೆರಗಿನಲ್ಲಿ ಹಿಡಿದುಕೊಂಡಳು. ಪಕ್ಕದಲ್ಲಿದ್ದ ಇಬ್ಬರು ಬಿಟ್ಟರೆ ಯಾರೂ ನೋಡಲಿಲ್ಲ. ಆ ದಿನದಿಂದ ಅವಳು ಮದುವೆ ಮುಂಜಿಗಳಿಗೆ ಹೋಗುವುದನ್ನೇ ನಿಲ್ಲಿಸಿದಳು. ನಮ್ಮ ಮನೆತನದಲ್ಲಿ ಸೋಬಾನೆ ಪದಗಳನ್ನು ಪೂರ್ತಿ ಬಲ್ಲವಳು ಅವಳೊಬ್ಬಳೇ. ಅದೂ ನಿಂತಿತು.

2002ರಲ್ಲಿ ಕೆನಡಾದ ಮಾಂಟ್ರಿಯಲ್ಲಿನಲ್ಲಿ ತಜ್ಞರು ಸೇರಿ ಒಂದು ಮಾತಿಗೆ ಬಂದಿದ್ದರೆಂದು ಆ ಹಿರಿಯ ವೈದ್ಯರೇ ನನಗೆ ತಿಳಿಸಿದರು: ಹಲ್ಲೇ ಇಲ್ಲದ ಕೆಳದವಡೆಗೆ ಎರಡು ಸ್ಕ್ರೂ ಹಾಕಿ ಅದರ ಮೇಲೆ ಸೆಟ್ಟನ್ನು ಗುಂಡಿಯಂತೆ ಒತ್ತಿ ಕೂರಿಸುವುದು ಮೊದಲ ಆಯ್ಕೆಯಾಗಬೇಕು. ಬಾಯಿ ತುಂಬ ಸ್ಕ್ರೂ ಬೇಡ, ಎರಡು ಸಾಕು. ನನ್ನ ಒಂದು ಹಲ್ಲಿಗೆ 48,000 ಕೇಳಿದ್ದರಲ್ಲ, ಅದೇ ಸುಮಾರು ಹಣದಲ್ಲಿ ಒಬ್ಬಳ ಇಡೀ ಕೆಳದವಡೆ ನಿಲ್ಲುವುದಾದರೆ! ಖಾಸಗಿ ಕ್ಲಿನಿಕ್ಕಿನಲ್ಲಿ ಇದಕ್ಕೆ 90,000 ಹೇಳಿದರು. ಬೆಂಗಳೂರಿನ ಒಂದು ದಂತವೈದ್ಯ ಕಾಲೇಜಿನಲ್ಲಿ, ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಮಾಡುವ ವಿಭಾಗದಲ್ಲಿ, ನನಗೆ ಕೊಟ್ಟ ಚೀಟಿ ಹೀಗಿತ್ತು: ಸ್ಕ್ರೂ ಒಂದಕ್ಕೆ 15,000ದಂತೆ 30,000, ಗುಂಡಿಗಳೆರಡಕ್ಕೆ 8,000, ಸ್ಕ್ಯಾನ್ 2,500, ಹಳೆಯ ಸೆಟ್ಟನ್ನೇ ಕೊರೆದು ಹೊಂದಿಸಲು 3,000, ರಕ್ತ ಪರೀಕ್ಷೆ, ಔಷಧಿ 1,500. ಒಟ್ಟು 45,000. ಉಳಿದ ಬೆಲೆಯನ್ನು ಸಮಯದಲ್ಲಿ ತೆರಬೇಕು: ಒಂಬತ್ತು ಸಲ ಬಸ್ಸು, ಪ್ರತಿ ಸಲ ಅರ್ಧ ದಿನದ ಸರದಿ. ಕರ್ನಾಟಕ ದೇಶದಲ್ಲೇ ಹೆಚ್ಚು ದಂತವೈದ್ಯ ಕಾಲೇಜುಗಳಿರುವ ರಾಜ್ಯಗಳಲ್ಲೊಂದು. ನಮ್ಮೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸಮಾರನಹಳ್ಳಿಯಲ್ಲೇ ಕೃಷ್ಣದೇವರಾಯ ದಂತವೈದ್ಯ ಕಾಲೇಜಿದೆ. ಕೋಟೆಯ ಬಳಿ 1958ರಿಂದ ಸರ್ಕಾರಿ ಕಾಲೇಜಿದೆ. ಆದರೂ ನಮ್ಮ ಕಡೆಯವರು ಅವುಗಳ ಮುಂದೆಯೇ ಹಾದು ಹೋಗಿ ಗಾಜಿನ ಬಾಗಿಲಿನ ಕ್ಲಿನಿಕ್ಕನ್ನು ಹುಡುಕುತ್ತಾರೆ. ಸಮಯವಿಲ್ಲದವರು ಹೋಗಲಿ, ನಿವೃತ್ತರಿಗೇನು?

ಅಕ್ಕ ಒಪ್ಪಲಿಲ್ಲ. "ಈ ವಯಸ್ಸಲ್ಲಿ ನಂಗ್ಯಾಕಪ್ಪಾ ನಲವತ್ತೈದು ಸಾವಿರ? ಇನ್ನೊಂದಿಷ್ಟು ಸೇರ್ಸಿದ್ರೆ ಒಂದು ಸೀಮೆಹಸು ಬರತ್ತೆ. ಎರಡು ಹೊತ್ತು ಡೈರಿಗೆ ಹಾಲು ಹಾಕ್ಬೋದು" ಎಂದಳು. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. "ಆ ಹಸು ಕೊಳ್ಳೋಕೆ ಹೋದ್ರೂ ಮೊದಲು ಬಾಯಿ ತೆಗೆದು ಹಲ್ಲು ನೋಡೇ ಅಲ್ವೇನಕ್ಕಾ ಬೆಲೆ ಕಟ್ಟೋದು?" ಎಂದೆ. ನಕ್ಕಳು, ಬಾಯಿಗೆ ಸೆರಗು ಒತ್ತಿಕೊಂಡು. ಆ ಸೆರಗನ್ನು ನೋಡಿ ನನಗೆ ಮುಂದೆ ಮಾತು ಬರಲಿಲ್ಲ. ಕೊನೆಗೆ ಅವಳನ್ನು ಒಪ್ಪಿಸಿದ್ದು ನಾನಲ್ಲ. ಶಿಡ್ಲಘಟ್ಟದಲ್ಲಿರುವ ಅವಳ ಮಗಳು ಬಂದು, "ಅಮ್ಮಾ, ನನ್ ಮಗಳ ಮದ್ವೆಗೆ ಸೋಬಾನೆ ಹೇಳೋಕೆ ಬಾಡಿಗೆಯವರನ್ನ ಕರೆಸ್ಲಾ?" ಎಂದಳು. ಅಷ್ಟೇ.

ಸಕ್ಕರೆ ಹೆಚ್ಚಿತ್ತು. ಮೂರು ತಿಂಗಳ ಸರಾಸರಿಯ ಪರೀಕ್ಷೆಯಲ್ಲಿ ಒಂಬತ್ತು ಬಂದದ್ದನ್ನು ನೋಡಿ, ಏಳರ ಹತ್ತಿರ ತನ್ನಿ ಎಂದು ಕಾಲೇಜಿನವರು ವಾಪಸು ಕಳಿಸಿದರು. ಹಣ ಕೊಡಲು ಬಂದವರನ್ನು ವಾಪಸು ಕಳಿಸಿದ ಆ ಯುವ ವೈದ್ಯೆಯ ಮೇಲೆ ನನಗೆ ಅಂದೇ ವಿಶ್ವಾಸ ಹುಟ್ಟಿತು. ನಾಲ್ಕು ತಿಂಗಳ ನಂತರ ಎರಡು ಸ್ಕ್ರೂ ಹಾಕಿದರು. ಮೂಳೆ ಬೆಸೆಯಲು ಮತ್ತೆ ಮೂರು ತಿಂಗಳು. ಗುಂಡಿ ಕೂರಿಸಿ ಸೆಟ್ಟನ್ನು ಒತ್ತಿದಾಗ "ಟಕ್" ಎಂಬ ಸದ್ದು ಹೊರಗೆ ಕೂತಿದ್ದ ನನಗೂ ಕೇಳಿಸಿತು. ಚಪ್ಪರದ ದಿನ ಅಕ್ಕ ಹಾಡಿದಳು. ಎರಡು ಪದಗಳನ್ನು ನಡುವೆ ಮರೆತಳು. ಅದಕ್ಕೆ ಹಲ್ಲು ಕಾರಣವಲ್ಲ. ಈಗ ಮಾಗಿಯಲ್ಲಿ ಸೊಗಡಿನ ಅವರೆಕಾಯಿ ಬೇಯಿಸಿ ತಿನ್ನುತ್ತಾಳೆ, ಸೌತೆಕಾಯಿ ಕಚ್ಚುತ್ತಾಳೆ. ಹುರಿಗಾಳು ಮಾತ್ರ ಬೇಡವೆಂದು ವೈದ್ಯೆ ಹೇಳಿದ್ದಾರೆ. ಕದ್ದು ತಿನ್ನುತ್ತಾಳೆಂದು ನನ್ನ ಗುಮಾನಿ.

ಇನ್ನೂ ಒಂದು ಖರ್ಚು ಚೀಟಿಯಲ್ಲಿ ಇರಲಿಲ್ಲ, ಕೇಳಿದ ಮೇಲೆ ಹೇಳಿದರು. ಸೆಟ್ಟಿನ ಒಳಗೆ ಗುಂಡಿಯನ್ನು ಹಿಡಿಯುವ ಪುಟ್ಟ ರಬ್ಬರಿನ ಬಳೆಗಳು ಸವೆಯುತ್ತವೆ. ವರ್ಷ, ಒಂದೂವರೆ ವರ್ಷಕ್ಕೊಮ್ಮೆ ಬದಲಿಸಬೇಕು. ಜೋಡಿಗೆ 600 ರೂಪಾಯಿ. ದೀಪಾವಳಿ ಕಳೆದ ಮೇಲೆ ನಮ್ಮ ಸರದಿಯಿದೆ. 2023ರ ಜೂನಿನಿಂದ ಅಕ್ಕನಿಗೆ ಕೆಂಪು ಬಸ್ಸಿನಲ್ಲಿ ಟಿಕೆಟ್ಟಿಗೆ ಹಣವಿಲ್ಲ, ನನಗೆ ಮಾತ್ರ ಇದೆ. "ನೀನು ಬರ್ಬೇಡಪ್ಪಾ, ದುಡ್ಡು ದಂಡ. ನಾನೊಬ್ಳೇ ಹೋಗಿ ಬರ್ತೀನಿ" ಎನ್ನುತ್ತಿದ್ದಾಳೆ.